‘ಅದು ಎಂತ ಸ ಮಾಡುದಿಲ್ಲ’: ಪಾರ್ಕಿನಲ್ಲಿ ಬಿಟ್ಟ ಸಾಕುನಾಯಿಯ ಹೊಣೆ ಯಾರದು?

ಮಂಗಳೂರು, ಉಡುಪಿಯ ಬಡಾವಣೆ ಪಾರ್ಕುಗಳಲ್ಲಿ ಬೆಳಗ್ಗೆ ಆರೂವರೆಯ ಹೊತ್ತಿಗೆ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ. ಕುತ್ತಿಗೆಯಲ್ಲಿ ಬೆಲ್ಟ್ ಇದ್ದು ಬಳ್ಳಿ (ಕೈಯಲ್ಲಿ ಹಿಡಿಯುವ ಹಗ್ಗ) ಇಲ್ಲದ ನಾಯಿ ವಾಕಿಂಗ್ ಮಾಡುವವರತ್ತ ಓಡಿ ಬರುತ್ತದೆ. ನಡೆಯುತ್ತಿದ್ದವರು ಗಕ್ಕನೆ ನಿಲ್ಲುತ್ತಾರೆ, ಮಗು ಅಜ್ಜಿಯ ಸೆರಗು ಹಿಡಿಯುತ್ತದೆ. ದೂರದಿಂದ ಮಾಲಕರ ಸ್ವರ: ‘ಅದು ಎಂತ ಸ ಮಾಡುದಿಲ್ಲ, ಹೆದರ್ಬೇಡಿ!’ ಏನೂ ಮಾಡುವುದಿಲ್ಲ ಎಂದರ್ಥ; ತುಳುವಿನಲ್ಲಾದರೆ ‘ದಾಲ ಮಲ್ಪುಜಿ’. ಜಗಳ ಹೊತ್ತಿಕೊಳ್ಳುವುದು ಎಷ್ಟೋ ಸಲ ಈ ಮಾತಿನಿಂದಲೇ.

2025ರಲ್ಲಿ ಇದಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿತು. ಸುಪ್ರೀಂ ಕೋರ್ಟಿನ ಬೀದಿನಾಯಿ ಆದೇಶಗಳ ಸುದ್ದಿ ಒಂದರ ಹಿಂದೆ ಒಂದು ಬಂದ ಮೇಲೆ, ‘ಪಾರ್ಕಿಗೆ ನಾಯಿ ತರಲೇಬಾರದು ಅಂತ ಕೋರ್ಟೇ ಹೇಳಿದೆ’ ಎನ್ನುವವರು ಒಂದು ಕಡೆ. ‘ನಾಯಿಯನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ ಅಂತ ಕೋರ್ಟೇ ಹೇಳಿದೆ’ ಎನ್ನುವವರು ಇನ್ನೊಂದು ಕಡೆ. ಕೋರ್ಟು ಇವೆರಡರಲ್ಲಿ ಯಾವುದನ್ನೂ ಹೇಳಿಲ್ಲ. ಅದರ ಮುಂದಿದ್ದದ್ದು ಸಾಕುನಾಯಿಯ ಪ್ರಶ್ನೆಯೇ ಅಲ್ಲ.

ಕೋರ್ಟಿನ ಮುಂದಿದ್ದದ್ದು ಬೀದಿನಾಯಿ

2025ರ ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದಿಲ್ಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸಾಗಿಸಬೇಕೆಂದು ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು: ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಆದ ಮೇಲೆ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು, ಹುಚ್ಚು ಹಿಡಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು, ಊಟ ಹಾಕಲು ಗೊತ್ತುಪಡಿಸಿದ ಜಾಗ ಇರಬೇಕು. ನವೆಂಬರ್ 7ರ ಆದೇಶ ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಬೇಕು, ಅಲ್ಲಿಗೇ ಮತ್ತೆ ಬಿಡಬಾರದು ಎಂದಿತು.

ಈ ಪಟ್ಟಿಯಲ್ಲಿ ಪಾರ್ಕಿನ ಹೆಸರಿಲ್ಲ, ಸಾಕುನಾಯಿಯ ಮಾತೂ ಇಲ್ಲ. ಹಾಗೆಂದು ಮಾಲಕರು ನಿರಾಳವಾಗುವಂತಿಲ್ಲ. ಮಂಗಳೂರಿನ ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು ಕ್ರೀಡಾಂಗಣದಂಥ ಜಾಗಗಳಿಗೆ ನವೆಂಬರ್ ಆದೇಶ ಅನ್ವಯಿಸುತ್ತದೆ. ಅಲ್ಲಿ ಬೆಲ್ಟೂ ಇಲ್ಲದೆ, ಜೊತೆಗೆ ಮನುಷ್ಯರೂ ಇಲ್ಲದೆ ತಿರುಗುವ ನಾಯಿ ಯಾರದ್ದೆಂದು ಹಿಡಿಯುವ ಸಿಬ್ಬಂದಿಗೆ ಹೇಗೆ ಗೊತ್ತಾಗಬೇಕು? ಶಸ್ತ್ರಚಿಕಿತ್ಸೆ ಆದ ಬೀದಿನಾಯಿಗೆ ಕಿವಿಯಲ್ಲಿ ಕಚ್ಚು ಹಾಕಿರುತ್ತಾರೆ. ಕಿವಿ ಪೂರ್ತಿ ಇದ್ದು ಬೆಲ್ಟ್ ಇಲ್ಲದ ನಾಯಿ ಅವರ ಕಣ್ಣಿಗೆ ಇನ್ನೂ ಶಸ್ತ್ರಚಿಕಿತ್ಸೆ ಆಗದ ಬೀದಿನಾಯಿ. ಬೆಳಗ್ಗೆ ಗೇಟು ತೆರೆದು ‘ಒಂದು ಸುತ್ತು ಹೋಗಿ ಬರಲಿ’ ಎಂದು ಬಿಡುವವರು ಈ ಅಪಾಯವನ್ನು ತಾವಾಗಿಯೇ ತಂದುಕೊಳ್ಳುತ್ತಿದ್ದಾರೆ.

ಸಾಕುನಾಯಿಗೆ ಅನ್ವಯಿಸುವ ಕಾನೂನು

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿ ಮತ್ತು ಬೀದಿಪ್ರಾಣಿ ಎಂದು ಸ್ಪಷ್ಟವಾಗಿ ವಿಂಗಡಿಸುತ್ತವೆ. ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕುನಾಯಿಯ ಜಂತುನಾಶಕ, ಲಸಿಕೆ ಮಾಲಕರ ಹೊಣೆ. ಅದು ಯಾರನ್ನಾದರೂ ಕಚ್ಚಿದರೆ, ಬೀಳಿಸಿದರೆ ಬರುವುದು ಭಾರತೀಯ ನ್ಯಾಯ ಸಂಹಿತೆ.

ಸಂಹಿತೆಯ 291ನೇ ಕಲಂ ಹಳೆಯ ದಂಡಸಂಹಿತೆಯ 289ರ ಜಾಗಕ್ಕೆ ಬಂದದ್ದು, 2024ರ ಜುಲೈ 1ರಿಂದ ಜಾರಿಯಲ್ಲಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಹುದಾದ ಅಪಾಯವನ್ನು ತಡೆಯಲು ಸಾಕಷ್ಟು ಕ್ರಮ ಕೈಗೊಳ್ಳದೆ ಇರುವುದು ಅಪರಾಧ; ಗೊತ್ತಿದ್ದು ಮಾಡಿದರೂ ಸರಿ, ನಿರ್ಲಕ್ಷ್ಯದಿಂದಾದರೂ ಸರಿ. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂದೆ ದಂಡದ ಮಿತಿ 1,000 ರೂಪಾಯಿ ಇತ್ತು.

ಈ ಕಲಮಿನ ಎರಡು ಪದಗಳ ಮೇಲೆ ಗಮನ ಇರಲಿ. ಮೊದಲನೆಯದು ‘ವಶದಲ್ಲಿರುವ’. ನಾಯಿ ಯಾರ ಹೆಸರಿನಲ್ಲಿದೆ ಎಂಬಷ್ಟೇ ಪ್ರಶ್ನೆಯಲ್ಲ, ಆ ಹೊತ್ತಿಗೆ ಅದು ಯಾರ ಕೈಯಲ್ಲಿತ್ತು ಎಂಬುದೂ ಮುಖ್ಯವಾಗುತ್ತದೆ. ಎಂಟನೇ ಕ್ಲಾಸಿನ ಹುಡುಗನ ಕೈಗೆ ಅಥವಾ ಕೆಲಸದವರ ಕೈಗೆ 35 ಕಿಲೋ ತೂಕದ ಲ್ಯಾಬ್ರಡಾರ್ ಕೊಟ್ಟು ಕಳಿಸುವವರು ಇದನ್ನು ಯೋಚಿಸಬೇಕು. ಎರಡನೆಯದು ‘ಅಪಾಯ’. ಕಚ್ಚಿದ ಮೇಲೇ ಅಪರಾಧ ಎಂದು ಕಲಂ ಹೇಳುವುದಿಲ್ಲ, ಅಪಾಯ ಸಂಭವನೀಯವಾಗಿದ್ದು ತಡೆಯದಿದ್ದರೆ ಸಾಕು. ನಿರ್ಲಕ್ಷ್ಯದಿಂದ ಗಾಯವೇ ಆಗಿಬಿಟ್ಟರೆ 125ನೇ ಕಲಮೂ ಸೇರಬಹುದು. ಅದರಲ್ಲಿ ತೀವ್ರ ಗಾಯಕ್ಕೆ ಮೂರು ವರ್ಷದವರೆಗೆ ಜೈಲು ಇದೆ.

ಅದೇ ಕಾನೂನು ನಾಯಿಯ ಪರವಾಗಿಯೂ ನಿಂತಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದೂ ಕ್ರೌರ್ಯವೇ. ನಾಯಿಗೆ ವಿಷ ಹಾಕುವುದು, ಕೈಕಾಲು ಮುರಿಯುವುದು ನ್ಯಾಯ ಸಂಹಿತೆಯ 325ನೇ ಕಲಮಿನ ಅಪರಾಧ, ಐದು ವರ್ಷದವರೆಗೆ ಶಿಕ್ಷೆ. ಪಾರ್ಕಿನ ಸಿಟ್ಟನ್ನು ರೊಟ್ಟಿಯೊಳಗಿಟ್ಟು ಎಸೆಯುವವರಿಗೆ ಇದು ತಿಳಿದಿರಲಿ.

ತಳಿಯ ಮೇಲೆ ಹಾಕಿದ ಕಣ್ಣು

‘ರಾಟ್‌ವೀಲರ್, ಪಿಟ್‌ಬುಲ್ ನಿಷೇಧಿಸಿದ್ದಾರಲ್ಲ’ ಎಂಬ ಮಾತೂ ಆಗಾಗ ಬರುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮಾರಾಟ, ಸಾಕಣೆಗೆ ತಡೆಯೊಡ್ಡುವ ಸುತ್ತೋಲೆ ಹೊರಡಿಸಿದ್ದು ನಿಜ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದು ಮುಖ್ಯ ತೊಡಕಾಗಿತ್ತು. ತಳಿಯ ಚರ್ಚೆ ಪಾರ್ಕಿನ ಪ್ರಶ್ನೆಗೆ ಹೆಚ್ಚು ಸಹಾಯ ಮಾಡದು. ರಾಟ್‌ವೀಲರ್ ಕಚ್ಚಿದರೆ ಗಾಯ ಆಳ, ಪೊಮೆರೇನಿಯನ್ ಕಚ್ಚಿದರೆ ಚಿಕ್ಕದು ಎಂಬುದು ಸರಿ. ಆದರೆ ರೇಬಿಸ್ ಲಸಿಕೆಯ ವೇಳಾಪಟ್ಟಿ ಎರಡಕ್ಕೂ ಒಂದೇ. ಎಪ್ಪತ್ತು ದಾಟಿದವರು ಬಿದ್ದು ಸೊಂಟದ ಮೂಳೆ ಮುರಿಯಲು ಕಾಲಿಗೆ ಸಿಕ್ಕಿಕೊಂಡ ಆರು ಕಿಲೋ ನಾಯಿ ಸಾಕು.

ಒಳ್ಳೆಯ ನಾಯಿಯೇ ಜಗಳ ತರುವುದು ಹೇಗೆ

ಮಾಲಕರು ಸುಳ್ಳು ಹೇಳುತ್ತಿಲ್ಲ. ಮನೆಯಲ್ಲಿ ಆ ನಾಯಿ ನಿಜವಾಗಿಯೂ ಎಂತ ಸ ಮಾಡುವುದಿಲ್ಲ. ಪಾರ್ಕಿನಲ್ಲಿ ಅದರ ಮುಂದಿರುವುದು ಬೇರೆ ಲೋಕ.

ಬಿಟ್ಟ ನಾಯಿಯೊಂದು ಆಡುವ ಹುಮ್ಮಸ್ಸಿನಲ್ಲಿ, ಬಳ್ಳಿಯಲ್ಲಿರುವ ಇನ್ನೊಂದು ನಾಯಿಯ ಕಡೆ ನೇರ ಓಡುತ್ತದೆ ಎಂದಿಟ್ಟುಕೊಳ್ಳಿ. ಎರಡು ಬಿಡಿ ನಾಯಿಗಳು ಒಂದನ್ನೊಂದು ಕಂಡಾಗ ಅರ್ಧಚಂದ್ರಾಕಾರದಲ್ಲಿ ಸುತ್ತಿ, ಪಕ್ಕದಿಂದ ಮೂಸುತ್ತವೆ. ಹೆದರಿದ್ದು ದೂರ ಸರಿಯುತ್ತದೆ. ಬಳ್ಳಿಯಲ್ಲಿರುವ ನಾಯಿಗೆ ಸುತ್ತುವ ಅವಕಾಶ ಇಲ್ಲ, ಓಡುವ ಅವಕಾಶವೂ ಇಲ್ಲ. ಮೇಲಿಂದ ಮಾಲಕರು ಗಾಬರಿಯಲ್ಲಿ ಬಳ್ಳಿ ಬಿಗಿಯುತ್ತಾರೆ. ಬಿಗಿದ ಬಳ್ಳಿಗೆ ನಾಯಿಯ ಎದೆ ಮೇಲೆದ್ದು ಮುಂಗಾಲು ನೆಲ ಬಿಡುತ್ತದೆ. ಎದುರಿನ ನಾಯಿಗೆ ಇದು ಸವಾಲಿನ ಭಂಗಿಯಾಗಿ ಕಾಣುತ್ತದೆ. ಓಡಲಾಗದ ಪ್ರಾಣಿಗೆ ಉಳಿಯುವುದು ಕಚ್ಚುವ ದಾರಿ. ಹೀಗೆ ನಿಯಮ ಪಾಲಿಸಿದವರ ನಾಯಿ ‘ಕಚ್ಚುವ ನಾಯಿ’ ಎನಿಸಿಕೊಳ್ಳುತ್ತದೆ, ಬಿಟ್ಟವರ ನಾಯಿ ‘ಪಾಪದ್ದು’ ಆಗುತ್ತದೆ. ಬಿಡಿಸಲು ನಡುವೆ ಕೈ ಹಾಕಿದವರ ಕೈಯನ್ನು, ಎಷ್ಟೋ ಸಲ, ಅವರ ಸ್ವಂತ ನಾಯಿಯೇ ಕಚ್ಚುತ್ತದೆ. ಆ ಕ್ಷಣದಲ್ಲಿ ಅದಕ್ಕೆ ಕೈ ಯಾರದ್ದೆಂದು ತಿಳಿಯುವುದಿಲ್ಲ.

ಮಕ್ಕಳ ವಿಷಯದಲ್ಲಿ ಕಾರಣ ಇನ್ನೊಂದು. ಮಗು ಹೆದರಿ ಓಡುತ್ತದೆ, ಕಿರುಚುತ್ತದೆ, ಕೈ ಮೇಲೆತ್ತುತ್ತದೆ. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಅದು ಆಟಕ್ಕೆ ಅಟ್ಟಿದರೂ ಮುಂಗಾಲಿಟ್ಟು ಹಾರಿದಾಗ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ನಾಯಿ ಹತ್ತಿರ ಬಂದಾಗ ಮರದ ಹಾಗೆ ನಿಲ್ಲುವುದು, ಕೈ ಎದೆಗೆ ಮಡಿಚಿಕೊಳ್ಳುವುದು, ಅದರ ಕಣ್ಣನ್ನು ದಿಟ್ಟಿಸದೆ ಪಕ್ಕಕ್ಕೆ ನೋಡುವುದು, ಇಷ್ಟನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬಹುದು.

ನಾಯಿ ಮೊದಲೇ ಸೂಚನೆ ಕೊಡುತ್ತದೆ. ಮೈ ಸೆಟೆದು ನಿಲ್ಲುವುದು, ತೆರೆದಿದ್ದ ಬಾಯಿ ಥಟ್ಟನೆ ಮುಚ್ಚುವುದು, ಬೆನ್ನಿನ ರೋಮ ಏಳುವುದು, ಬಾಲ ಮೇಲೆ ನೆಟ್ಟಗಾಗಿ ತುದಿ ಮಾತ್ರ ಚಿಕ್ಕದಾಗಿ ವೇಗವಾಗಿ ಅಲ್ಲಾಡುವುದು. ‘ಬಾಲ ಅಲ್ಲಾಡಿಸ್ತಾ ಇತ್ತಲ್ಲ’ ಎನ್ನುವವರು ನೋಡಿದ್ದು ಈ ಕೊನೆಯ ಬಾಲವನ್ನೇ ಇರಬಹುದು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನೂ ಇಲ್ಲಿ ನಂಬುವ ಹಾಗಿಲ್ಲ. ಗುರ್ ಎಂದಾಗಲೆಲ್ಲ ಹೊಡೆಸಿಕೊಂಡ ನಾಯಿ ಗುರ್ ಎನ್ನುವುದನ್ನು ನಿಲ್ಲಿಸುತ್ತದೆ. ಭಯ ಹಾಗೇ ಉಳಿದು, ಮುಂದೊಂದು ದಿನ ಎಚ್ಚರಿಕೆಯೇ ಇಲ್ಲದೆ ಕಚ್ಚುತ್ತದೆ.

ನಮ್ಮ ಕರಾವಳಿಯ ಹಳೆಯ ರೂಢಿಯೂ ಇದರಲ್ಲಿ ಸೇರಿದೆ. ತೋಟದ ಮನೆಗಳಲ್ಲಿ ನಾಯಿಯನ್ನು ಹಗಲು ಕಟ್ಟಿ ರಾತ್ರಿ ಬಿಡುತ್ತಿದ್ದರು. ಎಕರೆಗಟ್ಟಲೆ ಅಡಿಕೆ ತೋಟದಲ್ಲಿ ಅದು ಸರಿಯೇ ಇತ್ತು. ಅದೇ ರೂಢಿ ಎಂಟು ಸೆಂಟ್ಸ್ ಜಾಗದ ಮನೆಗೆ ಬಂದಾಗ, ಇಡೀ ದಿನ ನಾಲ್ಕಡಿ ಚೈನಿನಲ್ಲಿ ಕುದಿದ ನಾಯಿಗೆ ಸಿಗುವ ಬಿಡುಗಡೆ ಬೆಳಗ್ಗಿನ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಯೇ ಪಾರ್ಕಿನಲ್ಲಿ ಸಿಡಿಯುವುದು.

ಬಳ್ಳಿ, ಕೊಕ್ಕೆ, ಬಾಯಿಕುಕ್ಕೆ

ಪಾರ್ಕಿಗೆ ಬೇಕಾದದ್ದು ನಾಲ್ಕರಿಂದ ಆರಡಿ ಉದ್ದದ, ಬೆರಳಗಲದ ಚಪ್ಪಟೆ ನೈಲಾನ್ ಬಳ್ಳಿ. ಗುಂಡಿ ಒತ್ತಿದರೆ ಐದೆಂಟು ಮೀಟರ್ ಚಾಚಿಕೊಳ್ಳುವ ಬಳ್ಳಿಗಳು ಜನರಿರುವ ಜಾಗಕ್ಕೆ ಆಗದು. ನಾಯಿ ಪೂರ್ತಿ ಓಟದಲ್ಲಿರುವಾಗ ಬ್ರೇಕ್ ಒತ್ತಿದರೆ ಹಿಡಿಯೇ ಕೈಜಾರುತ್ತದೆ. ಸಪೂರ ದಾರ ದಾರಿಹೋಕರ ಕಾಲಿಗೆ ಸುತ್ತಿ ಚರ್ಮ ಸುಡುತ್ತದೆ. ಬೆಲ್ಟ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ತೂರುವಷ್ಟು ಜಾಗ ಇರಬೇಕು. ಅದಕ್ಕಿಂತ ಸಡಿಲವಾದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಳ್ಳುತ್ತದೆ. ಎಳೆಯುವ ನಾಯಿಗೆ ಎದೆಯ ಮುಂಭಾಗದಲ್ಲಿ ಉಂಗುರವಿರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಒಳ್ಳೆಯದು, ಎಳೆದಷ್ಟೂ ಅದರ ಮೈ ಮಾಲಕರ ಕಡೆಗೇ ತಿರುಗುತ್ತದೆ.

ಕರಾವಳಿಯಲ್ಲಿ ಬಳ್ಳಿ ತುಂಡಾಗುವುದಕ್ಕಿಂತ ಕೊಕ್ಕೆ ಕೈಕೊಡುವ ಭಯ ಹೆಚ್ಚು. ಉಪ್ಪು ಗಾಳಿ ಮತ್ತು ಮಳೆಗಾಲದ ತೇವಕ್ಕೆ ಅಗ್ಗದ ಲೇಪನದ ಕೊಕ್ಕೆಯ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ, ಆದರೆ ನಾಲಿಗೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಾಯಿ ಒಮ್ಮೆ ಜಗ್ಗಿ ತಿರುಗಿದರೆ ಉಂಗುರ ಜಾರಿ ಹೊರಬರುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಕ್ಕೆ ಕೊಂಡು, ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆದು ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಪಣಂಬೂರು, ತಣ್ಣೀರುಬಾವಿ, ಮಲ್ಪೆ ಬೀಚಿಗೆ ಒಯ್ಯುವವರು ಪ್ರತಿ ಸಲವೂ ತೊಳೆಯಬೇಕು. ಮನೆಯಿಂದ ಹೊರಡುವ ಮುನ್ನ ಕೊಕ್ಕೆಯ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು, ಟಕ್ ಎಂದು ಮುಚ್ಚಿತೇ ಎಂದು ನೋಡುವುದಕ್ಕೆ ಎರಡು ಸೆಕೆಂಡ್ ಬೇಕು.

ಕಚ್ಚಿದ ಚರಿತ್ರೆ ಇರುವ ನಾಯಿಗೆ ಬಾಯಿಕುಕ್ಕೆ ಬೇಕೇ ಬೇಕು. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗಿರುವ, ಗಾಳಿಯಾಡುವ ಬುಟ್ಟಿಯಾಕಾರದ್ದೇ ಆಗಬೇಕು. ನಾಯಿ ಮೈಯ ಬಿಸಿ ಕಳೆಯುವುದು ಮುಖ್ಯವಾಗಿ ಬಾಯಿ ತೆರೆದು ಏದುವುದರಿಂದ. ಬಾಯಿಯನ್ನೇ ಬಿಗಿಯುವ ಬಟ್ಟೆಯ ಪಟ್ಟಿ ಹಾಕಿ ಏಪ್ರಿಲ್-ಮೇ ಸೆಕೆಯಲ್ಲಿ ನಡೆಸಿದರೆ ಶಾಖಾಘಾತವಾಗಿ ನಾಯಿ ಸಾಯಬಹುದು. ಬುಟ್ಟಿಯೊಳಗೆ ಬಾಯಿ ತೆರೆಯಲು, ನೀರು ಕುಡಿಯಲು ಆಗಬೇಕು. ಒಂದೇ ದಿನ ತೊಡಿಸಿದರೆ ಕಾಲಿನಿಂದ ಕಿತ್ತು ಹಾಕುತ್ತದೆ. ಒಳಗೆ ತಿಂಡಿ ಇಟ್ಟು, ನಾಯಿ ತಾನಾಗಿ ಮೂತಿ ತೂರುವಂತೆ ಒಂದೆರಡು ವಾರ ಅಭ್ಯಾಸ ಮಾಡಿಸಬೇಕು.

ಎರಡು ನಾಯಿಗಳು ಕಚ್ಚಾಡಿದರೆ ಬೆಲ್ಟಿಗೆ ಕೈ ಹಾಕಬೇಡಿ. ನೀರು ಎರಚುವುದು, ನಡುವೆ ದೊಡ್ಡ ಕೊಡೆಯನ್ನು ಬಿಡಿಸಿ ಹಿಡಿಯುವುದು ಮೊದಲ ಪ್ರಯತ್ನ. ಆಗದಿದ್ದರೆ ಇಬ್ಬರೂ ಏಕಕಾಲಕ್ಕೆ ತಮ್ಮ ತಮ್ಮ ನಾಯಿಯ ಹಿಂಗಾಲುಗಳನ್ನು ತಳ್ಳುಗಾಡಿಯ ಹಿಡಿಯಂತೆ ಎತ್ತಿ ಹಿಂದಕ್ಕೆ ಎಳೆಯಬೇಕು. ಒಬ್ಬರೇ ಎಳೆದರೆ ಆ ನಾಯಿಗೆ ಪೆಟ್ಟು ಹೆಚ್ಚು.

ಕಚ್ಚಿದ ಮೇಲೆ ಹತ್ತು ದಿನ

ಗಾಯವನ್ನು ತಕ್ಷಣ ಸೋಪು ಹಾಕಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಮೆಣಸಿನ ಪುಡಿ ಏನನ್ನೂ ಹಾಕಬಾರದು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಸಿಗುತ್ತದೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಅದು ಮೂರನೇ ವರ್ಗದ, ಅಂದರೆ ಅತಿ ತೀವ್ರ ಬಗೆಯ ಗಾಯ; ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚಬೇಕು. ನಾಯಿಗೆ ಲಸಿಕೆ ಆಗಿದೆ ಎಂಬ ಮಾತಿನ ಮೇಲೆ ಚಿಕಿತ್ಸೆ ಮುಂದೂಡಬಾರದು.

ಮಾಲಕರ ಪ್ರಾಮಾಣಿಕತೆಗೆ ನಿಜವಾದ ಬೆಲೆ ಬರುವುದು ಇಲ್ಲಿ. ರೇಬಿಸ್ ಇರುವ ನಾಯಿಯ ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಳ್ಳುವುದು ರೋಗಲಕ್ಷಣಕ್ಕೆ ಕೆಲವೇ ದಿನ ಮೊದಲು, ಲಕ್ಷಣ ಬಂದ ಮೇಲೆ ನಾಯಿ ಹೆಚ್ಚು ದಿನ ಬದುಕದು. ಆದ್ದರಿಂದ ಕಚ್ಚಿದ ಹತ್ತು ದಿನದ ನಂತರವೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಉಳಿದ ಡೋಸ್ ಬೇಕೇ ಎಂದು ವೈದ್ಯರು ಆಗ ನಿರ್ಧರಿಸಬಹುದು. ಜಗಳಕ್ಕೆ ಹೆದರಿ ನಾಯಿಯನ್ನು ರಾತ್ರೋರಾತ್ರಿ ಊರಿನ ಮನೆಗೆ ಸಾಗಿಸುವ ಮಾಲಕರು ಕಚ್ಚಿಸಿಕೊಂಡವರ ಈ ನೆಮ್ಮದಿಯನ್ನು ಕಿತ್ತುಕೊಳ್ಳುತ್ತಾರೆ. ಲಸಿಕೆ ಪುಸ್ತಕದ ಪುಟದ ಫೋಟೋ ಕಳಿಸಿ, ನಾಯಿಯನ್ನು ಹತ್ತು ದಿನ ಮನೆಯಲ್ಲೇ ಇಟ್ಟುಕೊಂಡು, ಚಿಕಿತ್ಸೆಯ ಖರ್ಚು ಭರಿಸುವುದು ಕನಿಷ್ಠ ಮರ್ಯಾದೆ.

ದೂರು ಎಲ್ಲಿಗೆ?

ಜಾಗ ಯಾರದ್ದೆಂದು ಮೊದಲು ತಿಳಿಯಬೇಕು. ಕದ್ರಿ ಪಾರ್ಕ್ ತೋಟಗಾರಿಕೆ ಇಲಾಖೆಯದು, ಮಂಗಳಾ ಕ್ರೀಡಾಂಗಣ ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯದು. ಬಡಾವಣೆಯ ಪಾರ್ಕುಗಳಿಗೆ ಪಾಲಿಕೆ, ನಗರಸಭೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರ. ತಪ್ಪಿದ ಕಚೇರಿಗೆ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಸುತ್ತುತ್ತದೆ.

ಕಚ್ಚದಿದ್ದರೂ ಮೇಲೆರಗುವ ನಾಯಿಯಿದ್ದರೆ ಮಾಲಕರಿಗೆ ಮೊದಲು ಲಿಖಿತವಾಗಿ ತಿಳಿಸುವುದು ಉಪಯುಕ್ತ. ದಿನಾಂಕ, ಸಮಯ, ನಡೆದದ್ದು, ಇಷ್ಟೇ ಸಾಕು. ವಾಟ್ಸ್ಆ್ಯಪ್ ಸಂದೇಶವಾದರೂ ಆದೀತು. ನಿರ್ಲಕ್ಷ್ಯದ ಪ್ರಕರಣದಲ್ಲಿ ‘ನಮ್ಮ ನಾಯಿ ಹೀಗೆ ಅಂತ ಗೊತ್ತೇ ಇರಲಿಲ್ಲ’ ಎಂಬ ಸಮರ್ಥನೆಗೆ ಆಮೇಲೆ ಜಾಗವಿರುವುದಿಲ್ಲ. ಕಚ್ಚಿದ್ದರೆ ಆಸ್ಪತ್ರೆಯ ಹೊರರೋಗಿ ಚೀಟಿ, ಗಾಯದ ಫೋಟೋ, ಕಂಡವರ ಹೆಸರು ಸಹಿತ ಠಾಣೆಗೆ ದೂರು ಕೊಡಿ, 291ನೇ ಕಲಮನ್ನು ಅರ್ಜಿಯಲ್ಲೇ ನಮೂದಿಸಿ. ನಿಮ್ಮ ನಾಯಿಯನ್ನು ಇನ್ನೊಂದು ನಾಯಿ ಕಚ್ಚಿದ್ದರೆ ಈ ಕಲಂ ಉಪಯೋಗಕ್ಕೆ ಬರದು, ಅದು ಮನುಷ್ಯರ ಅಪಾಯವನ್ನಷ್ಟೇ ಹೇಳುತ್ತದೆ. ಪಶುವೈದ್ಯರ ಬಿಲ್ ಇಟ್ಟುಕೊಂಡು ಪರಿಹಾರ ಕೇಳುವುದು ಸಿವಿಲ್ ದಾರಿ.

ಬೋರ್ಡ್ ಹಾಕಿ ಮುಚ್ಚಿದರೆ

ತಾಳ್ಮೆ ಮುಗಿದ ನಿವಾಸಿಗಳು ಕೇಳುವುದು ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡನ್ನು. ಅವರ ಸಿಟ್ಟಿಗೆ ಕಾರಣವಿದೆ. ಹಿಕ್ಕೆ, ಮೂತ್ರದ ತೊಂದರೆ ಒಂದೇ ಸಾಕು: ಹಿಕ್ಕೆ ಬಿದ್ದ ತೇವದ ಮರಳಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬದುಕಿದ್ದು ಬರಿಗಾಲಿನ ಚರ್ಮ ಹೊಗುತ್ತವೆ, ಮಳೆಗಾಲದ ನಿಂತ ನೀರಿಗೆ ಇಲಿಯ ಮೂತ್ರದಂತೆ ಸೋಂಕಿತ ನಾಯಿಯ ಮೂತ್ರ ಸೇರಿದರೂ ಇಲಿಜ್ವರ ಹರಡಬಹುದು. ಮೂರು ತಿಂಗಳಿಗೊಮ್ಮೆ ಜಂತುನಾಶಕ, ವರ್ಷಕ್ಕೊಮ್ಮೆ ರೇಬಿಸ್ ಜೊತೆಗೆ ಲೆಪ್ಟೊ (ಇಲಿಜ್ವರ) ಲಸಿಕೆ, ಕಿಸೆಯಲ್ಲೊಂದು ಚೀಲ, ಇವಿಷ್ಟು ಇಲ್ಲದೆ ಪಾರ್ಕಿನ ಹಕ್ಕಿನ ಮಾತಾಡುವುದು ಸರಿಯಲ್ಲ.

ಆದರೂ ಪೂರ್ತಿ ನಿಷೇಧ ಸಮಸ್ಯೆಯನ್ನು ಪಾರ್ಕಿನಿಂದ ರಸ್ತೆಗೆ ದಾಟಿಸುತ್ತದೆ, ಅಷ್ಟೇ. ರಸ್ತೆಯಲ್ಲಿ ಬೀದಿನಾಯಿಗಳ ಗಡಿಯೊಳಗೆ ಬಂದ ಸಾಕುನಾಯಿಯನ್ನು ಗುಂಪು ಮುತ್ತುತ್ತದೆ, ನಡುವೆ ಬಂದ ಸ್ಕೂಟರ್ ಸವಾರ ಬೀಳುತ್ತಾನೆ. ಹೊರಗೇ ಬಾರದೆ ಚೈನಿನಲ್ಲಿ ಉಳಿದ ನಾಯಿ ಇನ್ನಷ್ಟು ಕೆರಳುತ್ತದೆ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯೂ ಪಾರ್ಕಿನಿಂದ ಹೊರಹಾಕುವುದನ್ನು ಒಪ್ಪದೆ, ಮಾಲಕರ ಜೊತೆ ಮಾತಾಡಿ ಸಮಯ ಗೊತ್ತುಪಡಿಸಿ ಎನ್ನುತ್ತದೆ. ಬಾಯಿಕುಕ್ಕೆ ಕಡ್ಡಾಯ ಮಾಡಬೇಡಿ, ಬಳ್ಳಿಯಲ್ಲಿರಲಿ ಎಂಬುದು ಅದರ ನಿಲುವು. ಎಲ್ಲ ನಾಯಿಗೂ ಕುಕ್ಕೆ ಬೇಡವೆಂಬುದು ಒಪ್ಪುವ ಮಾತು; ಕಚ್ಚಿದ ನಾಯಿಗೂ ಬೇಡವೆನ್ನಲು ಮಾತ್ರ ಆಗದು.

ಬೇಲಿ ಹಾಕಿದ ಪ್ರತ್ಯೇಕ ಜಾಗದ ಬೇಡಿಕೆಯೂ ಇದೆ. ಕೆಲಸ ಸರಿಯಾಗಬೇಕಾದರೆ ಐದಡಿ ಎತ್ತರದ ಜಾಲರಿ ಮತ್ತು ನಡುವೆ ಆರಡಿ ಅಂತರವಿರುವ ಎರಡು ಗೇಟು ಬೇಕು, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವಂತೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಹುಲ್ಲು ಹಾಸಿದರೆ ಜುಲೈಗೆ ಕೆಸರು ಗುಂಡಿ. ಇಳಿಜಾರು, ಚರಂಡಿ, ಮೇಲೆ ಸಣ್ಣ ಜಲ್ಲಿ ಬೇಕಾಗುತ್ತದೆ. ಚಿಕ್ಕ ಪಾರ್ಕುಗಳಲ್ಲಿ ಇದಕ್ಕೆ ಜಾಗವೇ ಇಲ್ಲ.

ಅಲ್ಲಿಗೆ ಹೊಂದುವುದು ಸಮಯದ ಹಂಚಿಕೆ. ಬೆಳಗ್ಗೆ 5.30ರಿಂದ 6.30, ರಾತ್ರಿ 8ರ ನಂತರ ನಾಯಿಗಳಿಗೆ. ಮಕ್ಕಳ ಆಟದ ಮೂಲೆಗೆ ಯಾವಾಗಲೂ ಇಲ್ಲ. ಆರಡಿ ಬಳ್ಳಿ ಕಡ್ಡಾಯ. ಕಚ್ಚಿದ ನಾಯಿಗೆ ಕುಕ್ಕೆ. ಜಾಗದ ಒಡೆತನವಿರುವ ಕಚೇರಿಯ ಮೊಹರಿನೊಡನೆ ಇದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಕೆಳಗೆ ಉಸ್ತುವಾರಿ ಅಧಿಕಾರಿಯ ಫೋನ್ ನಂಬರ್ ಹಾಕಬೇಕು. ಪಕ್ಕದಲ್ಲೊಂದು ಮುಚ್ಚಳವಿರುವ ಕಸದ ಡಬ್ಬಿ, ಅದನ್ನು ದಿನವೂ ಖಾಲಿ ಮಾಡಲು ಒಬ್ಬರು. ಮಳೆಗಾಲದಲ್ಲಿ ಎಲ್ಲರೂ ಇರುವ ಒಂದೇ ಒಣ ಕಾಲುದಾರಿಗೆ ಇಳಿಯುವುದರಿಂದ ಜೂನ್‌ಗೆ ಮೊದಲೇ ಈ ಮಾತುಕತೆ ಮುಗಿಯಬೇಕು.